ಬಂಡೆಗೆ ಕಾಗದವಿದೆ, ವಿಶ್ವವಿದ್ಯಾಲಯಕ್ಕಿಲ್ಲ

ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಕುರುಚಲು ಕಾಡಿನಲ್ಲಿ ಒಂದು ಬಂಡೆಯಿದೆ. ಕೆಳಗೆ ಸಪೂರ ಕಾಂಡ, ಮೇಲೆ ಅಗಲವಾದ ಟೋಪಿ. ಹೆಸರೂ ಮಶ್ರೂಮ್ ರಾಕ್. ಈ ಕಾಡು ಕಡಿಯಲು ಹೊರಟಾಗ ಎದ್ದ 2025ರ ಗಲಾಟೆಗೆ ಮುಂಚಿನ ಒಂದು ಚಳಿಗಾಲದಲ್ಲಿ ರಾಯಚೂರು ಕಡೆಯ ಸಂಶೋಧನಾ ವಿದ್ಯಾರ್ಥಿಯೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಹಾದಿಯುದ್ದಕ್ಕೂ ನವಿಲಿನ ಕೂಗು, ತಲೆಯೆತ್ತಿದರೆ ಗಚ್ಚಿಬೌಲಿಯ ಗಾಜಿನ ಗೋಪುರಗಳು. "ಇದು ನಮ್ಮ ಯುನಿವರ್ಸಿಟಿದಾಗೇ ಐತ್ರಿ ಸರ್. ಕಾಗದದಾಗ ಮಾತ್ರ ಇಲ್ಲ" ಎಂದು ನಕ್ಕರು. ಆ ಮಾತಿನ ಆಳ ನನಗೆ ಆಗ ತಿಳಿಯಲಿಲ್ಲ. ನನ್ನ ಕಣ್ಣೆಲ್ಲ ಬಂಡೆಯ ಮೇಲಿತ್ತು.

ಹಂಪಿ ನೋಡಿದವರಿಗೆ ಈ ಜಾತಿಯ ಕಲ್ಲು ಹೊಸದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಗಾಳಿ ಕೊರೆದು ಹೀಗಾಯಿತು ಎನ್ನುವವರೇ ಹೆಚ್ಚು, ನಾನಂತೂ ಒಪ್ಪುವುದಿಲ್ಲ. ಇದು ನೀರಿನ ಕೆಲಸ. ಬಂಡೆ ಇನ್ನೂ ನೆಲದೊಳಗಿದ್ದಾಗಲೇ ಬಿರುಕುಗಳಿಗೆ ತೇವ ಇಳಿದು ಮೂಲೆಗಳನ್ನೆಲ್ಲ ಸವೆಸಿ ಗುಂಡಾಗಿಸುತ್ತದೆ. ಮಣ್ಣಿನ ಮಟ್ಟದಲ್ಲಿ ತೇವ ಹೆಚ್ಚು ದಿನ ನಿಲ್ಲುವುದರಿಂದ ಬುಡ ಬೇಗ ಕರಗುತ್ತದೆ. ಕೊನೆಗೆ ಮಣ್ಣು ಕೊಚ್ಚಿಹೋದಾಗ ಟೋಪಿ, ಕಾಂಡ ಎರಡೂ ಹೊರಬೀಳುತ್ತವೆ. ಹೈದರಾಬಾದು ಹಳೇ ಕಟ್ಟಡಗಳ ಜೊತೆಗೆ ಬಂಡೆಗಳನ್ನೂ ಪಾರಂಪರಿಕ ಪಟ್ಟಿಗೆ ಸೇರಿಸಿದ ಅಪರೂಪದ ಊರು. ಬೇರ್ಸ್ ನೋಸ್, ಮಾನ್‌ಸ್ಟರ್ ರಾಕ್, ಒಬೆಲಿಸ್ಕ್, ಟೋಡ್‌ಸ್ಟೂಲ್ಸ್ ಎಲ್ಲ ಆ ಪಟ್ಟಿ ಸೇರಿದವು. ನಮ್ಮ ಮಶ್ರೂಮ್ ರಾಕ್ ಕೂಡ ಸೇರಿತು. ಅಂದರೆ ಬಂಡೆಯ ಹೆಸರು ಸರ್ಕಾರಿ ದಾಖಲೆಯಲ್ಲಿದೆ. ಅದು ನಿಂತಿರುವ ನೆಲದ ದಾಖಲೆಯಲ್ಲಿ ವಿಶ್ವವಿದ್ಯಾಲಯದ ಹೆಸರಿಲ್ಲ!

ಇದು ಹೇಗಾಯಿತು? ತೆಲಂಗಾಣ ಮತ್ತು ಜೈ ಆಂಧ್ರ ಚಳವಳಿಗಳ ಬಳಿಕ ಎರಡೂ ಕಡೆಯ ಅಸಮಾಧಾನ ತಣಿಸಲು 1973ರಲ್ಲಿ ಆರು ಅಂಶಗಳ ಸೂತ್ರ ಬಂತು; ಹೈದರಾಬಾದಿಗೊಂದು ಕೇಂದ್ರೀಯ ವಿಶ್ವವಿದ್ಯಾಲಯ ಅದರಲ್ಲೊಂದು ಅಂಶ. ಅದರ ಫಲವಾಗಿ ಸಂವಿಧಾನಕ್ಕೆ ಈ ವಿಶ್ವವಿದ್ಯಾಲಯಕ್ಕೆ ಅವಕಾಶ ಕೊಡುವ 371ಇ ವಿಧಿ ಸೇರಿತು, 1974ರಲ್ಲಿ ವಿಶ್ವವಿದ್ಯಾಲಯ ಹುಟ್ಟಿತು. ಮೊದಲ ಪಾಠಗಳು ನಡೆದದ್ದು ಸರೋಜಿನಿ ನಾಯ್ಡು ಅವರ ಮನೆ 'ಗೋಲ್ಡನ್ ಥ್ರೆಶೋಲ್ಡ್'ನಲ್ಲಿ. ಆಮೇಲೆ ರಾಜ್ಯ ಸರ್ಕಾರ ಊರಾಚೆಯ ಗಚ್ಚಿಬೌಲಿಯಲ್ಲಿ ಸುಮಾರು 2,300 ಎಕರೆ ಬಿಟ್ಟುಕೊಟ್ಟಿತು. ಬಹುಪಾಲು ಸರ್ಕಾರಿ ಪೊರಂಬೋಕು, ಅಂದರೆ ಸಾಗುವಳಿಯಿಲ್ಲದ ನೆಲ. ಆಗ ಯಾರಿಗೂ ಬೇಡದ ಕಲ್ಲುಗುಡ್ಡ.

ಸರ್ಕಾರಿ ಜಮೀನು ಕೊಡುವುದೆಂದರೆ ಆದೇಶ, ಸರ್ವೆ, ಹದ್ದುಬಸ್ತು, ಖಾತೆ ಬದಲಾವಣೆ ಇಷ್ಟೂ ಆಗಬೇಕು. ನಾಲ್ಕು ಗುಂಟೆ ಸೈಟಿಗೇ ನಾವು ತಾಲೂಕು ಕಚೇರಿಯ ಮೆಟ್ಟಿಲು ಸವೆಸುತ್ತೇವೆ. ಇಲ್ಲಿ ಸ್ವಾಧೀನ ಸಿಕ್ಕಿತು, ಒಡೆತನದ ಪತ್ರ ಬರಲೇ ಇಲ್ಲ. ಕೊಟ್ಟವರು ಸರ್ಕಾರ, ಪಡೆದವರೂ ಸರ್ಕಾರಿ ಸಂಸ್ಥೆ, ಕಾಗದವೇಕೆ ಎಂಬ ಸಲಿಗೆ ಇದ್ದಿರಬೇಕು ಎಂಬುದು ನನ್ನ ಊಹೆ. ಐಟಿ ಕಂಪನಿಗಳು ಬಂದು ಎಕರೆಗೆ ಕೋಟಿಗಳ ಬೆಲೆ ಹತ್ತಿದ ಮೇಲೆ ಆ ಸಲಿಗೆ ಉಳಿಯುವುದುಂಟೇ? ಕ್ರೀಡಾಂಗಣ, ಬಸ್ ಡಿಪೊ ಎಂದು ಅಂಚು ಕರಗುತ್ತಾ ಬಂತು. 2004ರ ಆರಂಭದಲ್ಲಿ ಅವಿಭಜಿತ ಆಂಧ್ರದ ಚಂದ್ರಬಾಬು ನಾಯ್ಡು ಸರ್ಕಾರ ಬಂಡೆಯ ಸುತ್ತಲಿನ 400 ಎಕರೆಯನ್ನು ಐಎಂಜಿ ಭಾರತ ಎಂಬ ಕ್ರೀಡಾ ಕಂಪನಿಗೆ ಕೊಟ್ಟಿತು. ಬದಲಿಗೆ ವಿಶ್ವವಿದ್ಯಾಲಯಕ್ಕೆ ಗೋಪನಪಲ್ಲಿಯಲ್ಲಿ 397 ಎಕರೆ ತೋರಿಸಿತು. 2006ರಲ್ಲಿ ರಾಜಶೇಖರ ರೆಡ್ಡಿ ಸರ್ಕಾರ ಕಂಪನಿಗೆ ಕೊಟ್ಟದ್ದನ್ನು ರದ್ದುಮಾಡಿತು. ಕಂಪನಿ ಕೋರ್ಟಿಗೆ ಹೋಯಿತು; ವ್ಯಾಜ್ಯ 2024ರವರೆಗೆ ಎಳೆದು, ಸುಪ್ರೀಂ ಕೋರ್ಟಿನಲ್ಲಿ ತೆಲಂಗಾಣ ರಾಜ್ಯ ಗೆದ್ದಿತು.

ಗೆದ್ದ ಜಮೀನನ್ನು ಸರ್ಕಾರ ವಿಶ್ವವಿದ್ಯಾಲಯಕ್ಕೆ ಮರಳಿಸಲಿಲ್ಲ, ತನ್ನ ಕೈಗಾರಿಕಾ ಮೂಲಸೌಕರ್ಯ ನಿಗಮಕ್ಕೆ ವಹಿಸಿತು. ವಿಶ್ವವಿದ್ಯಾಲಯದವರ ಎದುರಿನಲ್ಲೇ ಗಡಿ ಗುರುತಿಸಿದ್ದೇವೆ ಎಂದು ನಿಗಮ ಹೇಳಿದರೆ, ಅಂಥ ಸರ್ವೆಯೇ ನಡೆದಿಲ್ಲ ಎಂದು ರಿಜಿಸ್ಟ್ರಾರ್ ಹೇಳಿಕೆ ಕೊಟ್ಟರು. 2025ರ ಯುಗಾದಿ ರಜೆಯಲ್ಲಿ ಮರ ತೆರವು ಮಾಡಲು ಜೆಸಿಬಿಗಳು ಸಾಲಾಗಿ ನುಗ್ಗಿದವು. ಅಡ್ಡನಿಂತ ವಿದ್ಯಾರ್ಥಿಗಳನ್ನು ಪೊಲೀಸರು ಎಳೆದೊಯ್ದರು. ಮಶ್ರೂಮ್ ರಾಕನ್ನು ಹಾಗೇ ಉಳಿಸುತ್ತೇವೆ ಎಂಬ ಭರವಸೆಯನ್ನೂ ನಿಗಮ ಕೊಟ್ಟಿತ್ತು. ಕಾಡು ಹೋಗಿ ಕಲ್ಲೊಂದೇ ಉಳಿದರೆ ಅದು ಕಂಪನಿ ಕ್ಯಾಂಟೀನಿನ ಮುಂದೆ ಸೆಲ್ಫಿ ತೆಗೆಯುವ ಜಾಗವಾದೀತು, ಅಷ್ಟೆ. ಚುಕ್ಕೆ ಜಿಂಕೆ, ನಕ್ಷತ್ರ ಆಮೆ, ಇನ್ನೂರಕ್ಕೂ ಹೆಚ್ಚು ಬಗೆಯ ಹಕ್ಕಿ, ಹೈದರಾಬಾದಿನ ಹೆಸರನ್ನೇ ಹೊತ್ತ ಒಂದು ಜೇಡ ಇರುವ ನೆಲ ಇದು. ಆದರೂ ಇದು ಕಾಡಲ್ಲ, ಸರ್ಕಾರಿ ಜಮೀನು ಎಂಬುದೇ ರಾಜ್ಯದ ವಾದ.

ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಮಧ್ಯೆ ಬಂದು ಮರ ಕಡಿಯುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 100 ಎಕರೆ ಬೋಳಾಗಿತ್ತು. ಕಾಡನ್ನು ಮತ್ತೆ ಬೆಳೆಸದಿದ್ದರೆ ಅಧಿಕಾರಿಗಳು ಜೈಲಿಗೆ ಹೋಗಬೇಕಾದೀತೆಂದು ಮೇ ತಿಂಗಳಲ್ಲಿ ಗದರಿತು ಕೂಡ. ಆದರೆ ವಿದ್ಯಾರ್ಥಿಗಳು, ಅಧ್ಯಾಪಕರು ಬೀದಿಗಿಳಿದು ಕೇಳಿದ್ದು ಮರವನ್ನಷ್ಟೇ ಅಲ್ಲ. ಉಳಿದ ಅಷ್ಟೂ ಜಮೀನನ್ನು ವಿಶ್ವವಿದ್ಯಾಲಯದ ಹೆಸರಿಗೆ ನೋಂದಣಿ ಮಾಡಿಕೊಡಿ ಎಂದು ಕೇಳಿದರು. 1975ರ ಸುಮಾರಿಗೆ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದಾಗಿದ್ದ ಕೆಲಸ ಅದು.