ಆಮೆಯನ್ನು ಎಲ್ಲಿ ಬಿಡಬೇಕು?

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದು ನಿಂತಿತ್ತು. ಹಾವೇರಿಯಿಂದ ಮಕ್ಕಳನ್ನು ಕರೆದುಕೊಂಡು ಬ್ಯಾಡಗಿ ತಾಲೂಕಿನ ನನ್ನ ತವರಿಗೆ ಹೊರಟಿದ್ದೆ. ಮೋಟೆಬೆನ್ನೂರಿನಲ್ಲಿ ಬಸ್ಸಿಳಿದು ಆಟೋ ಹತ್ತಿದೆವು. ಮೆಣಸಿನ ಸಸಿಗಾಗಿ ಹದ ಮಾಡಿಟ್ಟಿದ್ದ ಎರೆಹೊಲಗಳ ನಡುವೆ ಹೋಗುತ್ತಿದ್ದಾಗ ಹನ್ನೊಂದು ವರ್ಷದ ಮಗ “ನಿಲ್ಲಿಸಿ, ನಿಲ್ಲಿಸಿ!” ಎಂದು ಕೂಗಿದ. ರಸ್ತೆಯ ನಡುವೆ ಊಟದ ತಟ್ಟೆಯಷ್ಟು ಅಗಲದ ಒಂದು ಆಮೆ.

ಮಗ ಅದನ್ನೆತ್ತಿದೊಡನೆ ತಲೆ, ಕಾಲು ಎಲ್ಲವೂ ಒಳಗೆ. ತಿರುಗಿಸಿ ನೋಡಿದರೆ ಹಿಂಗಾಲುಗಳ ಮೇಲೆ ಎರಡು ಪುಟ್ಟ ಮುಚ್ಚಳಗಳು ಬಂದು ಕುಳಿತಿದ್ದವು. “ಅಮ್ಮೀ, ಬಾಗಿಲು ಹಾಕ್ಕೊಂಡಿತು!” ಎಂದಳು ಆರು ವರ್ಷದ ಮಗಳು. ನಮ್ಮ ಕಡೆಯ ಕೆರೆ, ಬಾವಿ, ಗದ್ದೆಗಳಲ್ಲಿ ಸಾಮಾನ್ಯವಾಗಿ ಸಿಗುವ ಮೆದುಚಿಪ್ಪಿನ ಆಮೆಯ ಗುರುತೇ ಈ ಬಾಗಿಲು. ಬೇಸಿಗೆಯಲ್ಲಿ ಕೆರೆ ಒಣಗಿದರೆ ಅದು ಕೆಸರಿನೊಳಗೆ ಹೂತು ಮಲಗಿಬಿಡುತ್ತದೆ. ಮಳೆ ಬಿದ್ದಾಗ ಎದ್ದು ಒಂದು ನೀರಿನಿಂದ ಇನ್ನೊಂದು ನೀರಿಗೆ ನಡೆಯುತ್ತದೆ. ಹಾಗೆ ನಡೆಯುವಾಗಲೇ ನಮ್ಮ ಗಾಲಿಗಳ ಕೆಳಗೆ ಸಿಗುವುದು.

“ಮನ್ಯಾಗ ಇಟ್ಕೊಳ್ರಿ ಅಕ್ಕಾರ, ಆಮಿ ಇದ್ರ ರೊಕ್ಕ ನಿಂದ್ರತೈತಿ” ಎಂದ ಆಟೋದವನು. ರೊಕ್ಕ ನಿಲ್ಲಿಸುವವನು ಅಲ್ಲಾಹನೇ ಹೊರತು ಆಮೆಯಲ್ಲ ಎಂದು ನಾನೇನೋ ಹೇಳಿದೆ. ಆದರೆ ಮಗ ಅದನ್ನು ಮಡಿಲಿನಿಂದ ಇಳಿಸಲಿಲ್ಲ. ಒಂದೇ ರಾತ್ರಿ ಎಂದು ನಾನೂ ಸುಮ್ಮನಾದೆ. ಆ ಒಂದು ರಾತ್ರಿಯೂ ಕಾನೂನಿಗೆ ವಿರುದ್ಧ ಎಂಬುದು ಆಗ ನನಗೆ ಹೊಳೆಯಲಿಲ್ಲ.

ತವರಿನಲ್ಲಿ ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟೆವು. ರಾತ್ರಿಯಿಡೀ ಕರ್ ಕರ್ ಎಂದು ಉಗುರಿನಿಂದ ಕೆರೆಯುವ ಸದ್ದು. ಆ ಸದ್ದಿನಲ್ಲಿ ನನಗಂತೂ ನಿದ್ದೆ ಹತ್ತಲಿಲ್ಲ. ಫಜ್ರ್ ನಮಾಝಿನ ನಂತರ ಬಿಟ್ಟು ಬರೋಣ ಎಂದಾಗ ಮಗ ವಾದಕ್ಕೆ ನಿಂತ. “ಅಬೂ ಉಮೈರ್ ಹಕ್ಕಿ ಸಾಕಿದ್ದರು. ಪ್ರವಾದಿಯವರು(ಸ) ಬೇಡ ಅನ್ನಲಿಲ್ಲ. ಮದ್ರಸದಲ್ಲಿ ಹೇಳಿಕೊಟ್ಟಿದ್ದಾರೆ.”

ಅವನ ಮಾತು ನಿಜ. ಪುಟ್ಟ ಅಬೂ ಉಮೈರ್‌ರ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ಆ ಮಗುವಿನ ಬಳಿ ಕುಳಿತು ಅದರ ವಿಚಾರ ಕೇಳಿ ಸಮಾಧಾನ ಮಾಡಿದ್ದರು. ಚೆನ್ನಾಗಿ ನೋಡಿಕೊಳ್ಳುವುದಾದರೆ ಹಕ್ಕಿ ಸಾಕಬಹುದು ಎಂದು ವಿದ್ವಾಂಸರು ಇದರಿಂದಲೇ ತಿಳಿದರು. ಆಗ ನನ್ನ ಅಮ್ಮ ಇನ್ನೊಂದು ಹದೀಸ್ ನೆನಪಿಸಿದರು. ಪ್ರಯಾಣವೊಂದರಲ್ಲಿ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ಬಂದು ರೆಕ್ಕೆ ಬಡಿಯತೊಡಗಿತು. ಅದನ್ನು ಕಂಡ ಪ್ರವಾದಿಯವರು(ಸ) ಯಾರು ಇದನ್ನು ನೋಯಿಸಿದ್ದು ಎಂದು ವಿಚಾರಿಸಿ, ಮರಿಗಳನ್ನು ಮರಳಿಸಲು ಹೇಳಿದರು. “ನಿನ್ನ ಬಕೆಟ್ಟಿನಲ್ಲಿ ಕೆಸರಿದೆಯೇನೋ ಬೇಟಾ? ಅದು ತಿನ್ನುವ ಬಸವನಹುಳ, ಕಪ್ಪೆ ಇವೆಯೇ?” ಎಂದು ಕೇಳಿದರು ಅಮ್ಮ. ಅವನು ಸ್ವಲ್ಪ ಸಡಿಲಾದ. “ಹಾಗಾದರೆ ನಾನಿಯ ಬಾವಿಗೆ ಬಿಡೋಣ” ಎಂದ.

ಬಾವಿ ಎಂದೊಡನೆ ನನಗೆ ಎದೆ ಧಸಕ್ಕೆಂದಿತು.

ನಾನು ಎಂಟನೇ ತರಗತಿಯಲ್ಲಿದ್ದಾಗ ಚಿಂತಾಮಣಿ ಕಡೆಯ ಖಾಲಾ ಮನೆಗೆ ರಜೆಗೆ ಹೋಗಿದ್ದೆ. ಕುರುಚಲು ಗುಡ್ಡದ ಬುಡದಲ್ಲಿ ಒಂದು ಆಮೆ ಸಿಕ್ಕಿತು. ಉಬ್ಬಿದ ಕಪ್ಪು ಚಿಪ್ಪು, ಅದರ ಮೇಲೆ ನಕ್ಷತ್ರದಂತೆ ಹರಡಿದ ಹಳದಿ ಗೆರೆಗಳು. ಪಾಪ, ಬಿಸಿಲಿಗೆ ಸಾಯುತ್ತದೆ ಎಂದು ಖಾಲಾಳ ಮಗಳೂ ನಾನೂ ಸೇರಿ ಅದನ್ನು ಬಾವಿಗೆ ಬಿಟ್ಟೆವು. ಸವಾಬ್ ಸಿಕ್ಕಿತೆಂದು ಸಂಭ್ರಮಿಸಿದೆವು. ಎರಡು ದಿನದ ನಂತರ ಅದು ನೀರಿನ ಮೇಲೆ ಸತ್ತು ತೇಲುತ್ತಿತ್ತು.

ನಕ್ಷತ್ರ ಆಮೆ ಒಣನೆಲದ ಪ್ರಾಣಿ. ಹುಲ್ಲು, ಸೊಪ್ಪು, ಉದುರಿದ ಹಣ್ಣು ಅದರ ಆಹಾರ. ಅದಕ್ಕೆ ಈಜು ಬಾರದು. ಕನ್ನಡದಲ್ಲಿ ಕೆರೆಯದಕ್ಕೂ ಗುಡ್ಡದ್ದಕ್ಕೂ ನಾವು ಆಮೆ ಎಂದೇ ಹೇಳುವುದರಿಂದ ಈ ತಪ್ಪು ಸುಲಭವಾಗಿ ಆಗಿಬಿಡುತ್ತದೆ. ಕಾಲು ನೋಡಿದರೆ ತಿಳಿಯುತ್ತದೆ. ಬೆರಳುಗಳ ನಡುವೆ ಪೊರೆಯಿದ್ದರೆ ನೀರಿನದು. ಆನೆಯ ಪಾದದಂತೆ ಮೊಂಡಾಗಿದ್ದರೆ ನೆಲದ್ದು. ಈ ನೆಲದ ಆಮೆಗೆ ನಮಗಿಂತ ದೊಡ್ಡ ವೈರಿಗಳೂ ಇದ್ದಾರೆನ್ನಿ. ಆಂಧ್ರಪ್ರದೇಶದ ಒಂದೇ ಪ್ರದೇಶದಿಂದ ವರ್ಷಕ್ಕೆ ಕನಿಷ್ಠ 55 ಸಾವಿರ ನಕ್ಷತ್ರ ಆಮೆಗಳನ್ನು ಕದ್ದು ಸಾಗಿಸಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ವಿದೇಶಗಳಲ್ಲಿ ಸಾಕಲು ಕೊಳ್ಳುವವರಿದ್ದಾರೆ. 2019ರಲ್ಲಿ ಇದರ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇದೂ ನಮ್ಮ ಮೆದುಚಿಪ್ಪಿನ ಆಮೆಯಂತೆ ಮೊದಲ ಅನುಸೂಚಿಯಲ್ಲಿದೆ. ಹಿಡಿದು ಇಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ.

ಬಾವಿ ಎಂಬ ಮಗನ ಸಲಹೆ ಅವನ ಮಟ್ಟಿಗೆ ತಪ್ಪೇನಲ್ಲ. ನಮ್ಮದು ನೀರಿನ ಆಮೆ. ನೀರು ಸ್ವಚ್ಛವಾಗಿರಲೆಂದು ಹಿಂದೆ ಹಳ್ಳಿಗಳಲ್ಲಿ ಬಾವಿಗೆ ಆಮೆ ಬಿಡುವ ರೂಢಿಯೂ ಇತ್ತು. ಆದರೆ ಕಟ್ಟೆ ಕಟ್ಟಿದ ಬಾವಿಗೆ ಬಿದ್ದ ಆಮೆ ಮೇಲೆ ಹತ್ತಿ ಬರುವಂತಿಲ್ಲ. ಜೊತೆಯಿಲ್ಲ, ಮೊಟ್ಟೆಯಿಡಲು ಮಣ್ಣಿಲ್ಲ. ಅಂಗಡಿಯಲ್ಲಿ ಕೊಂಡ ಆಮೆಯ ಕಥೆ ಬೇರೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆ ಪುಟ್ಟ ಹಸಿರು ಆಮೆ ಅಮೆರಿಕದ್ದು. ಬೇಸರವಾಯಿತೆಂದು ಅದನ್ನು ಕೆರೆಗೆ ಬಿಟ್ಟರೆ ನಮ್ಮೂರಿನ ಆಮೆಗಳ ಅನ್ನಕ್ಕೇ ಅದು ಕೈ ಹಾಕುತ್ತದೆ.

ಹಾಗಾಗಿ ಸಿಕ್ಕ ಜಾಗಕ್ಕೇ ಒಯ್ದೆವು. ಅಲ್ಲಿ ಹೊಸ ತೊಡಕು. ಅದು ರಸ್ತೆಯ ಯಾವ ಕಡೆಗೆ ಹೊರಟಿತ್ತು? ಬಂದ ಕಡೆಗೇ ಬಿಟ್ಟರೆ ಅದು ಮತ್ತೆ ರಸ್ತೆ ದಾಟಲು ಬರುತ್ತದೆ. ನನಗೂ ನೆನಪಿಲ್ಲ, ಮಗನಿಗೂ ಇಲ್ಲ. ಸಣ್ಣವಳು ಬೊಟ್ಟು ಮಾಡಿ ತೋರಿಸಿದಳು. “ಅದರ ತಲೆ ಬೇವಿನ ಮರದ ಕಡೆಗಿತ್ತು.”

ಮರದಾಚೆ ಇಳಿಜಾರು, ಅದರ ಕೆಳಗೆ ನೀರು ನಿಂತ ಹಳ್ಳ. ಹಿಂಬದಿಯಿಂದ ಎರಡೂ ಅಂಚು ಹಿಡಿದು ಅದನ್ನು ಇಳಿಸಿದೆ. ಈ ಆಮೆಯ ಕತ್ತು ಉದ್ದ, ಕಚ್ಚಿದರೆ ಗಾಯವಾಗುತ್ತದೆ. ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ನಿಂತು ನೋಡಿ, “ದೂರ ಸರೀರಿ ತಾಯಿ, ನೀವು ನಿಂತಿರೂತನಕ ಅದು ತಲಿ ಹೊರಗ ಹಾಕಂಗಿಲ್ಲ” ಎಂದರು. ಸರಿದು ನಿಂತೆವು. ಸುಮಾರು ಹೊತ್ತಿನ ಮೇಲೆ ಮೊನಚು ಮೂತಿ ಹೊರಬಂತು, ಆಮೇಲೆ ಕತ್ತು, ಆಮೇಲೆ ಕಾಲು. ಆಮೆಯ ನಡಿಗೆ ಎನ್ನುತ್ತೇವಲ್ಲ, ನೀರು ಕಂಡ ಆಮೆಯನ್ನು ನೋಡಬೇಕು! ಮಗಳು ಚಪ್ಪಾಳೆ ತಟ್ಟುವಷ್ಟರಲ್ಲಿ ಅದು ಮಾಯವಾಗಿತ್ತು.

ಮನೆಗೆ ಬಂದು ಇಬ್ಬರ ಕೈಯನ್ನೂ ಸೋಪು ಹಾಕಿ ತೊಳೆಸಿದೆ. ಆಮೆಯ ಮೈಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರುತ್ತವೆ. ಗಾಯಗೊಂಡ ಆಮೆ ಸಿಕ್ಕಿದರೆ ಮನೆಮದ್ದಿಗೆ ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.

ಖಾಲಿ ಬಕೆಟ್ ಮಗುಚಿಟ್ಟು ಮಗ ನನ್ನ ಪಕ್ಕದಲ್ಲಿ ಕುಳಿತ. ದಾರಿಯುದ್ದಕ್ಕೂ ಅವನಿಗೆ ಚಿಂತಾಮಣಿಯ ಕಥೆ ಹೇಳಿದ್ದೆ.

“ಅಮ್ಮೀ, ಆ ಆಮೆ ಬಾವಿಗೆ ಹೇಗೆ ಬಂತು ಅಂತ ಖಾಲಾ ಕೇಳಲಿಲ್ಲವಾ?”

“ಕೇಳಿದ್ದರು.”

“ನೀನೇನು ಹೇಳಿದೆ?”

“ಗೊತ್ತಿಲ್ಲ ಅಂದೆ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ನನ್ನ ಮೊಬೈಲ್ ತಂದುಕೊಟ್ಟ.