ರಕ್ತದ ಕ್ಯಾನ್ಸರ್ ಮತ್ತು ಎರಡೂವರೆ ವರ್ಷದ ಲೆಕ್ಕ

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ರಕ್ತದ ಕ್ಯಾನ್ಸರ್ ಆಗಿದ್ದು, ಅದರಲ್ಲಿಯೂ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬಗೆಯೇ ಹೆಚ್ಚು. ಎಲುಬಿನ ಒಳಗಿನ ಮೆದುಭಾಗವಾದ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಸೋಂಕಿನೊಡನೆ ಹೋರಾಡಲು ಸಿದ್ಧವಾಗಬೇಕಾದ ಬಿಳಿಯ ಕಣವೊಂದು ಬಲಿಯದೆ ಎಳೆಯದಾಗಿಯೇ ಉಳಿದು, ತನ್ನಂಥ ಕಣಗಳನ್ನೇ ಎಡೆಬಿಡದೆ ಹೆಚ್ಚಿಸುತ್ತ ಹೋದರೆ, ಮಜ್ಜೆಯಲ್ಲಿ ಉಳಿದ ಕಣಗಳಿಗೆ ಎಡೆಯೇ ಇಲ್ಲವಾಗುತ್ತದೆ. ಕೆಂಪು ಕಣಗಳು ಕಡಿಮೆಯಾದುದರಿಂದ ಮಗು ಬಿಳಿಚಿಕೊಳ್ಳುತ್ತದೆ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಗ್ಗಿದುದರಿಂದ ಚರ್ಮದ ಮೇಲೆ ನೀಲಿ ಕಲೆಗಳು ಮೂಡುತ್ತವೆ, ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಕಾಲಿನ ಎಲುಬು ನೋಯುತ್ತದೆಂದು ಮಗು ನಡೆಯಲೊಲ್ಲದು. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ, ಬಹುಪಾಲು ಮಕ್ಕಳಲ್ಲಿ ವಂಶದಿಂದ ಬಂದುದೂ ಅಲ್ಲ. ತಾಯಿ ಬಸುರಿಯಾಗಿದ್ದಾಗ ತಿಂದ, ಬಿಟ್ಟ ಯಾವುದೋ ಒಂದರ ಫಲವೆಂದು ಮನೆಯವರು ಆಕೆಯನ್ನು ದೂರುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಈ ರೋಗಕ್ಕೆ ಸಿಕ್ಕ ಮೊದಲ ಮದ್ದಿನ ಇತಿಹಾಸವು ಮುಂಬಯಿಯ ಬಟ್ಟೆ ಗಿರಣಿಗಳನ್ನು ಹಾದು ಬಂದಿದೆ ಎಂಬುದು ಮಗ್ಗದ ಊರಾದ ಇಚಲಕರಂಜಿಯವರು ತಿಳಿಯಬೇಕಾದ ಸಂಗತಿ. 1928ರಲ್ಲಿ ಮುಂಬಯಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿನ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಜೀವಕೋಶವು ಎರಡಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಲು ಅದು ಬೇಕೇ ಬೇಕು. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಇದನ್ನೇ ತಿರುವಿ ಆಲೋಚಿಸಿ, ಫೋಲಿಕ್ ಆಮ್ಲದಂತೆಯೇ ತೋರುತ್ತ ಅದರ ಕೆಲಸವನ್ನು ತಡೆಯುವ ವಸ್ತುವನ್ನು ಕೊಟ್ಟರೆ ಲ್ಯುಕೇಮಿಯಾ ಕಣಗಳು ಬೆಳೆಯಲಾರವೆಂದು ಊಹಿಸಿದರು. ಆ ವಸ್ತುವಾದ ಅಮೈನಾಪ್ಟೆರಿನ್ ತಯಾರಾದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಲೆಡರ್ಲಿ ಪ್ರಯೋಗಾಲಯದಲ್ಲಿ. 1948ರ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು, ಆದರೆ ಕೆಲವೇ ತಿಂಗಳುಗಳಲ್ಲಿ ರೋಗ ಮರಳಿತು. ಅದರ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಇಂದಿಗೂ ಈ ಮಕ್ಕಳು ವಾರಕ್ಕೊಮ್ಮೆ ನುಂಗುತ್ತಾರೆ. ಮನೆಯಂಗಳದಲ್ಲಿ ಅರಳುವ ನಿತ್ಯಪುಷ್ಪದಿಂದ, ಮರಾಠಿಯವರು ಸದಾಫುಲಿ ಎನ್ನುವ ಅದೇ ಗಿಡದಿಂದ, ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಮದ್ದು ಬಂದಿತು.

ರೋಗ ಏಕೆ ಮರಳುತ್ತದೆ ಎಂಬುದಕ್ಕೆ ಉತ್ತರ ಗಣಿತದಲ್ಲಿದೆ, ಮತ್ತು ಕುಟುಂಬವೊಂದು ಎದುರಿಸುವ ಖರ್ಚಿನ ಸ್ವರೂಪವನ್ನು ನಿರ್ಧರಿಸುವುದೂ ಇದೇ ಗಣಿತ. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಅಂದಾಜು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಮೊದಲ ನಾಲ್ಕೈದು ವಾರಗಳ ಮದ್ದಿನಿಂದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಸತ್ತರೂ ಸಾವಿರ ಕೋಟಿ ಕಣಗಳು ಉಳಿದುಕೊಂಡಿರಬಲ್ಲವು. ಸೂಕ್ಷ್ಮದರ್ಶಕಕ್ಕೆ ಅವು ಸುಲಭವಾಗಿ ಸಿಗುವುದಿಲ್ಲ, ಮಗು ಆಡುತ್ತದೆ, ಉಣ್ಣುತ್ತದೆ, ಉದುರಿದ ಕೂದಲು ಕೆಲ ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಮದ್ದಿನ ಪ್ರತಿಯೊಂದು ಸುತ್ತೂ ಉಳಿದ ಕಣಗಳ ಒಂದು ಪಾಲನ್ನು ಮಾತ್ರ ಕೊಲ್ಲುವುದರಿಂದ ಚಿಕಿತ್ಸೆಯನ್ನು ಎರಡರಿಂದ ಎರಡೂವರೆ ವರ್ಷ ನಡೆಸಬೇಕಾಗುತ್ತದೆ. ಮಗು ಗುಣವಾದಂತೆ ಕಾಣುವ ಈ ಕಾಲದಲ್ಲಿಯೇ ಮನೆಯ ಹಣ ಮುಗಿದಿರುತ್ತದೆ. ಗುಣವಾಯಿತಲ್ಲ, ಇನ್ನೇಕೆ ಸಾಲ ಎಂಬ ಹಿರಿಯರ ಮಾತಿಗೆ ಬಲ ಬರುವುದೂ ಆಗಲೇ.

1980ರ ದಶಕದಿಂದ ಆರಂಭಿಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈಯ ಕ್ಯಾನ್ಸರ್ ಸಂಸ್ಥೆ ಮತ್ತು ದೆಹಲಿಯ ಏಮ್ಸ್‌ನಲ್ಲಿ ಎಂಸಿಪಿ-841 ಎಂಬ ಒಂದೇ ಚಿಕಿತ್ಸಾಕ್ರಮವನ್ನು ಜಾರಿಗೆ ತಂದಾಗ, ನೂರರಲ್ಲಿ ನಲವತ್ತರಿಂದ ಅರವತ್ತು ಮಕ್ಕಳು ರೋಗ ಮರುಕಳಿಸದೆ ನಾಲ್ಕು ವರ್ಷ ದಾಟಿದರು. ಇಂದು ಶ್ರೀಮಂತ ದೇಶಗಳಲ್ಲಿ ಈ ಲ್ಯುಕೇಮಿಯಾದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಮುಖ್ಯ ಮದ್ದುಗಳು ಬಹುಮಟ್ಟಿಗೆ ಎರಡೂ ಕಡೆ ಅವೇ ಆಗಿರುವಾಗ ನಮ್ಮಲ್ಲಿ ಅಷ್ಟು ಮಕ್ಕಳು ಉಳಿಯದಿರುವುದಕ್ಕೆ ಸೋಂಕು, ಅಪೌಷ್ಟಿಕತೆ, ತಡವಾದ ಪತ್ತೆ ಇವುಗಳ ಜೊತೆಗೆ ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದೂ ಒಂದು ದೊಡ್ಡ ಕಾರಣ. ವೈದ್ಯರು ಇದನ್ನು ಚಿಕಿತ್ಸಾ ಪರಿತ್ಯಾಗ ಎನ್ನುತ್ತಾರೆ. ಪದ ತಂದೆತಾಯಿಯ ಮೇಲೆ ತಪ್ಪು ಹೊರಿಸುವಂತಿದೆ. ವಾಸ್ತವದಲ್ಲಿ ಅವರು ಬಿಡುವುದಲ್ಲ, ಅವರಿಂದ ಸಾಗುವುದಿಲ್ಲ.

ಕೊಲ್ಹಾಪುರ ಜಿಲ್ಲೆಯ ಗಡಿಭಾಗದಲ್ಲಿ ದೂಧಗಂಗೆಯ ದಂಡೆಯ ಸುಳಕೂಡದಿಂದ ಆಗಲಿ, ಗಡಹಿಂಗ್ಲಜದ ಕನ್ನಡ ಮಾತಾಡುವ ಹಳ್ಳಿಯೊಂದರಿಂದ ಆಗಲಿ ಮಗುವನ್ನು ಮೊದಲು ಕೊಲ್ಹಾಪುರಕ್ಕೋ ಮಿರಜಿಗೋ ಬೆಳಗಾವಿಗೋ ತಂದು, ಅಲ್ಲಿಂದ ಎಷ್ಟೋ ಸಲ ಮುಂಬಯಿಗೆ ಒಯ್ಯಬೇಕಾಗುತ್ತದೆ. ಇಚಲಕರಂಜಿಯ ವಿದ್ಯುತ್ ಮಗ್ಗದ ಕಾರ್ಮಿಕನಿಗೆ ಕೂಲಿ ಸಿಗುವುದು ನೇಯ್ದ ಬಟ್ಟೆಯ ಲೆಕ್ಕದಲ್ಲಿ. ಮಗ್ಗದ ಮುಂದೆ ನಿಲ್ಲದ ದಿನ ಗಳಿಕೆಯೂ ಇಲ್ಲ. ತಾಯಿ ಮಗುವಿನೊಡನೆ ಆಸ್ಪತ್ರೆಯಲ್ಲಿ ಉಳಿದರೆ ಅವಳ ದುಡಿಮೆಯೂ ನಿಂತಿತು, ಮನೆಯಲ್ಲಿ ಉಳಿದ ಮಕ್ಕಳನ್ನು ಅಜ್ಜಿಯೋ ಅತ್ತೆಯೋ ನೋಡಬೇಕು. ಕೊಠಡಿಯ ಬಾಡಿಗೆ, ಊಟ, ಬಸ್ಸಿನ ಟಿಕೆಟು, ಹೊರಗೆ ಮಾಡಿಸಿದ ರಕ್ತಪರೀಕ್ಷೆ, ಇವು ಆಸ್ಪತ್ರೆಯ ಬಿಲ್ಲಿನಲ್ಲಿ ಬರದ ಖರ್ಚುಗಳಾದರೂ ಬಂಗಾರ ಅಡವಿಡಿಸುವುದು ಹೆಚ್ಚಾಗಿ ಇವೇ.

ಬಿಲ್ಲಿನ ಭಾಗಕ್ಕೆ ಇಂದು ಆಸರೆ ಇದೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯಾಗಿ ಆರಂಭವಾಗಿ 2017ರಲ್ಲಿ ಹೆಸರು ಬದಲಾದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯು ಕ್ಯಾನ್ಸರ್ ಚಿಕಿತ್ಸೆಯನ್ನು ಒಳಗೊಂಡಿದ್ದು, ಅದರ ಮಿತಿಯನ್ನು ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು ಹತ್ತನ್ನು ಬಡವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡಬೇಕೆಂಬ ನಿಯಮವಿದೆ. ಕೇಳಿದವರಿಗೆ ಮಾತ್ರ ಇದು ದಕ್ಕುವುದರಿಂದ ಕೇಳಲು ಹಿಂಜರಿಯಬಾರದು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3-ಟೈರ್ ಎಸಿಯಲ್ಲಿ ಪೂರ್ತಿ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಬಿಲ್ಲಿನ ಹೊರಗಿನ ಖರ್ಚಿಗೆ ನೆರವಾಗುವವರು ಬೇರೆ: ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ, 2006ರಿಂದ ಇಂಥ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಡುತ್ತಿರುವ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಕೇಂದ್ರಗಳು. ಟಾಟಾ ಆಸ್ಪತ್ರೆಯಲ್ಲಿ ಹಣ, ವಸತಿ, ಆಹಾರ, ಆಪ್ತಸಲಹೆಗಳನ್ನು ಒಟ್ಟಿಗೆ ಒದಗಿಸಲು ಆರಂಭಿಸಿದ ಮೇಲೆ, 2009ರ ಸುಮಾರಿಗೆ ಐವರಲ್ಲಿ ಒಬ್ಬರಂತಿದ್ದ ಪರಿತ್ಯಾಗದ ಪ್ರಮಾಣವು ಕೆಲವೇ ವರ್ಷಗಳಲ್ಲಿ ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಹೊಸ ಮದ್ದು ಕಂಡುಹಿಡಿಯದೆಯೇ ಇಷ್ಟು ಮಕ್ಕಳನ್ನು ಚಿಕಿತ್ಸೆಯಲ್ಲಿ ಉಳಿಸಿಕೊಂಡದ್ದನ್ನು ವೈದ್ಯಕೀಯ ಸಾಧನೆಯೆಂದೇ ಎಣಿಸಬೇಕು.

ಗಡಿಭಾಗದ ಕನ್ನಡ ಕುಟುಂಬಕ್ಕೆ ಇನ್ನೊಂದು ತೊಡಕಿದೆ. ಆಸ್ಪತ್ರೆಯ ಫಾರಂಗಳು ಮರಾಠಿ ಅಥವಾ ಇಂಗ್ಲಿಷಿನಲ್ಲಿರುತ್ತವೆ, ತಾಯಿ ಮನೆಯಲ್ಲಿ ಮದ್ದು ಕೊಡುವುದು ಕನ್ನಡದಲ್ಲಿ ಕೇಳಿದ್ದನ್ನು ನೆನಪಿಟ್ಟು. ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಕೊಡುವ ಬದಲು ದಿನಾಲೂ ಕೊಟ್ಟರೆ ಪ್ರಾಣಕ್ಕೆ ಅಪಾಯ. ಮದ್ದಿನಿಂದ ಬಿಳಿಯ ಕಣಗಳು ಕುಗ್ಗಿರುವಾಗ ಬಂದ ಜ್ವರ ಕೆಲವೇ ಗಂಟೆಗಳಲ್ಲಿ ವಿಷಮಿಸಬಲ್ಲುದಾದ್ದರಿಂದ, ಜ್ವರದ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯದೆ, ನಡುರಾತ್ರಿಯಾದರೂ ಮಗುವನ್ನು ಹೊತ್ತು ಹೊರಡಬೇಕು. ಹೀಗಾಗಿ ಊರಿನಲ್ಲಿ ಯಾರ ಗಾಡಿ ಸಿಗುತ್ತದೆ, ಹತ್ತಿರದ ಯಾವ ದವಾಖಾನೆಯಲ್ಲಿ ರಾತ್ರಿ ಆಂಟಿಬಯೋಟಿಕ್ ಇಂಜೆಕ್ಷನ್ ಸಿಗುತ್ತದೆ ಎಂಬುದನ್ನು ಮಗು ಮನೆಗೆ ಮರಳುವ ಮುನ್ನವೇ ಮನೆಯವರ ಭಾಷೆಯಲ್ಲಿ ಬರೆದು ಕೊಟ್ಟಿರಬೇಕಾಗುತ್ತದೆ.