ಆಕಾಶದ ಕಣ್ಣು ಮತ್ತು ಅಂಗಳದ ಮರೆ
ಪೋಲೀಸು ಇಲಾಖೆಯ ಡ್ರೋನ್ ಬಳಕೆ: ಒಂದು ವಿವೇಚನೆ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳು ಕಡಲಿಗೂ ಸಹ್ಯಾದ್ರಿಗೂ ನಡುವೆ ಹರಡಿಕೊಂಡಿರುವ ಹಸಿರು ನಾಡು. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆ ರೂಪುಗೊಂಡಿತು. 2018ರಲ್ಲಿ ಬೈಂದೂರು ಹಾಗೂ ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದವು. ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ ಮೊದಲಾದ ನದಿಗಳು ಈ ನೆಲವನ್ನು ಸೀಳಿಕೊಂಡು ಹರಿಯುತ್ತವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವುದನ್ನು ಪ್ರವಾಸಿಗರೆಲ್ಲ ಬಲ್ಲರು.

ಬಯಲುಸೀಮೆಯ ಊರುಗಳಲ್ಲಿರುವಂತೆ ಗೋಡೆಗೆ ಗೋಡೆ ತಗುಲಿ ನಿಂತ ಮನೆಗಳ ಓಣಿಗಳು ಇಲ್ಲಿ ವಿರಳ. ಒಂದೊಂದು ಮನೆಯೂ ತನ್ನ ತೋಟ, ಗದ್ದೆ, ಬಾವಿ, ಹಿತ್ತಿಲುಗಳ ನಡುವೆ ಒಂಟಿಯಾಗಿ ನಿಲ್ಲುತ್ತದೆ. ಮನೆಯ ಬದುಕಿನ ಬಹುಭಾಗ ನಡೆಯುವುದು ಅಂಗಳದಲ್ಲಿ: ಭತ್ತ ಒಣಗಿಸುವುದು ಅಲ್ಲಿ, ಅಡಕೆ ಸುಲಿಯುವುದು ಅಲ್ಲಿ, ಮಕ್ಕಳ ಆಟವೂ ಅಲ್ಲಿಯೇ. ಮಣ್ಣಿನ ಅಗಳು, ಬೇಲಿ, ತೆಂಗು ಕಂಗುಗಳ ಸಾಲು ಇವೇ ಆ ಮನೆಗಳ ಮರೆ. ಈ ಮರೆಯೆಲ್ಲವೂ ದಾರಿಯಲ್ಲಿ ನಡೆಯುವವನ ಕಣ್ಣನ್ನು ತಡೆಯಲೆಂದು ಕಟ್ಟಿದುದು; ಮೇಲಿನಿಂದ ನೋಡುವ ಕಣ್ಣೊಂದು ಇರಬಹುದೆಂದು ಹಿಂದಿನವರು ಎಣಿಸಿರಲಿಲ್ಲ. ಪೋಲೀಸರು ಡ್ರೋನ್ ಬಳಸುವುದರ ಬಗ್ಗೆ ಜನರಲ್ಲಿ ಮೂಡುವ ಆತಂಕದ ಬೇರು ಇಲ್ಲಿದೆ.

ಯಂತ್ರದ ಸ್ವರೂಪ

ಡ್ರೋನ್ ಎಂಬುದು ಇಂಗ್ಲಿಷಿನಲ್ಲಿ ಗಂಡು ಜೇನಿನ ಹೆಸರು. ಒಳಗೆ ಚಾಲಕನಿಲ್ಲದೆ, ನೆಲದ ಮೇಲೆ ನಿಂತವನು ರೇಡಿಯೋ ಅಲೆಗಳ ಮೂಲಕ ನಡೆಸುವ ಕಿರುವಿಮಾನಕ್ಕೆ ಆ ಹೆಸರು ಅಂಟಿಕೊಂಡಿತು. ಸಾಮಾನ್ಯ ಬಳಕೆಯ ಡ್ರೋನಿಗೆ ನಾಲ್ಕು ರೆಕ್ಕೆಚಕ್ರಗಳು, ಒಂದು ಬ್ಯಾಟರಿ, ಒಂದು ಕ್ಯಾಮೆರಾ ಇರುತ್ತವೆ. ಒಮ್ಮೆ ಬ್ಯಾಟರಿ ತುಂಬಿದರೆ ಸುಮಾರು ಅರ್ಧ ಗಂಟೆ ಹಾರಾಡಬಲ್ಲದು. ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವ ಮಸೂರವನ್ನಾಗಲಿ, ದೇಹದ ಶಾಖವನ್ನು ಗುರುತಿಸಿ ಕತ್ತಲೆಯಲ್ಲಿಯೂ ಮನುಷ್ಯನನ್ನು ಕಾಣಿಸುವ ಕ್ಯಾಮೆರಾವನ್ನಾಗಲಿ ಅದಕ್ಕೆ ಜೋಡಿಸಬಹುದು.

2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಡ್ರೋನ್ ನಿಯಮಗಳು ಈ ಯಂತ್ರಗಳನ್ನು ತೂಕಕ್ಕನುಗುಣವಾಗಿ ವಿಂಗಡಿಸಿವೆ. 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ, 25 ಕಿಲೋವರೆಗಿನದು ಸಣ್ಣದು. ಹೀಗೆ 150 ಕಿಲೋ ಮೀರಿದ ದೊಡ್ಡ ಯಂತ್ರದವರೆಗೆ ಐದು ವರ್ಗಗಳು. ಆಕಾಶವನ್ನೂ ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಿಸಲು ಮುಂಗಡ ಅನುಮತಿಯ ಅಗತ್ಯವಿಲ್ಲ. ಭೂ, ನೌಕಾ, ವಾಯು ಸೇನೆಗಳ ಡ್ರೋನುಗಳು ಈ ನಿಯಮಗಳ ವ್ಯಾಪ್ತಿಗೆ ಹೊರಗು. ಇವುಗಳ ಮುಖ್ಯ ಕಾಳಜಿ ವಿಮಾನಯಾನದ ಸುರಕ್ಷತೆ. ತೆಗೆದ ಚಿತ್ರವನ್ನು ಯಾರು ನೋಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದನ್ನು ಅವು ವಿಧಿಸುವುದಿಲ್ಲ.

ಉಪಕಾರದ ಮುಖ

ಈ ಯಂತ್ರದಿಂದ ಆಗುವ ಉಪಕಾರವನ್ನು ಮರೆತು ಕೇವಲ ಭಯವನ್ನು ಹೇಳುವುದು ನ್ಯಾಯವಲ್ಲ. 2020ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನಿನ ಮೂಲಕ ಗ್ರಾಮಗಳ ವಸತಿ ಪ್ರದೇಶವನ್ನು ಅಳೆದು ಹಕ್ಕುಪತ್ರ ನೀಡುವ ಕೆಲಸ ಕೈಗೊಳ್ಳಲಾಯಿತು. ಅದನ್ನು ಮೊದಲಿಗೆ ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ (ಇದು ಬೈಂದೂರು ತಾಲ್ಲೂಕಿನ ಶಿರೂರಲ್ಲ), ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿಯ ನೆಲೆಯನ್ನು ಅರಸಲು ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಡ್ರೋನಿಗೆ ಅಳವಡಿಸಿದ ಶೋಧಕ ಯಂತ್ರವನ್ನು ಬಳಸಿತು.

ಕುಂದಾಪುರ ಭಾಗದಲ್ಲಿಯೂ ಇಂತಹ ಉಪಯೋಗಕ್ಕೆ ಅವಕಾಶ ಬಹಳ. ಮಳೆಗಾಲದ ಕಡಲಲ್ಲಿ ದೋಣಿ ಮಗುಚಿದಾಗ, ಕೊಲ್ಲೂರಿನ ಕಾಡಿನಲ್ಲಿ ಚಾರಣಿಗರು ದಾರಿ ತಪ್ಪಿದಾಗ, ಕೋಟೇಶ್ವರದ ಕೊಡಿ ಹಬ್ಬದಂತಹ ಜನಸಂದಣಿಯಲ್ಲಿ ನೂಕುನುಗ್ಗಲು ಉಂಟಾಗುವ ಸೂಚನೆ ಕಂಡಾಗ ಮೇಲಿನಿಂದ ನೋಡುವ ಕಣ್ಣು ಪ್ರಾಣ ಉಳಿಸಬಲ್ಲದು. ಕೆಲವೇ ಸಿಬ್ಬಂದಿಯುಳ್ಳ ಠಾಣೆಯೊಂದು ಕಾಡು, ನದಿ, ಕಡಲತೀರಗಳನ್ನೊಳಗೊಂಡ ಸರಹದ್ದನ್ನು ಕಾಯಬೇಕಾದಾಗ ಯಂತ್ರದ ನೆರವನ್ನು ಬಯಸುವುದು ಸಹಜವೇ ಆಗಿದೆ.

ಆತಂಕದ ಮುಖ

ಆದರೆ ಕಳೆದುಹೋದವನನ್ನು ಹುಡುಕುವ ಯಂತ್ರವೂ, ಮನೆಯಲ್ಲಿ ಸುಮ್ಮನೆ ಇರುವವನನ್ನು ನೋಡುವ ಯಂತ್ರವೂ ಒಂದೇ. ಅಕ್ರಮ ಮರಳುಗಾರಿಕೆಯನ್ನು ಪತ್ತೆಹಚ್ಚಲು ನದಿಯ ಮೇಲೆ ಹಾರಿದ ಡ್ರೋನ್ ದಡದ ಮನೆಗಳ ಹಿತ್ತಿಲನ್ನೂ ಚಿತ್ರಿಸಿಕೊಂಡೇ ಸಾಗುತ್ತದೆ. ಪರವಾನಿಗೆ ಪಡೆದು ದೋಣಿಯಲ್ಲಿ ಮರಳು ತೆಗೆಯುವ ಕೂಲಿಗಾರನೂ, ಪರವಾನಿಗೆಯಿಲ್ಲದೆ ತೆಗೆಯುವವನೂ 120 ಮೀಟರ್ ಎತ್ತರದಿಂದ ಒಂದೇ ತೆರನಾಗಿ ಕಾಣುತ್ತಾರೆ. ಕೋಳಿ ಅಂಕದ ಜೂಜಿಗೆ ಸೇರಿದ ಗುಂಪಿಗೂ, ದೈವದ ಕೋಲಕ್ಕೋ ಬಯಲಾಟಕ್ಕೋ ಸೇರಿದ ಗುಂಪಿಗೂ ಮೇಲಿನಿಂದ ನೋಡಿದರೆ ವ್ಯತ್ಯಾಸ ಸ್ವಲ್ಪವೇ. ಬಾವಿಕಟ್ಟೆಯಲ್ಲಿ ನೀರು ಸೇದುವ, ಹೊರಗಿನ ಬಚ್ಚಲಿಗೆ ನಡೆದು ಹೋಗುವ ಹೆಣ್ಣುಮಕ್ಕಳ ಸಂಕೋಚವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಮತ್ತೊಂದಿದೆ. ದಾರಿಯಲ್ಲಿ ಬರುವ ಪೋಲೀಸಿನವನಿಗೆ ಸಮವಸ್ತ್ರವಿದೆ, ಎದೆಯ ಮೇಲೆ ಹೆಸರಿದೆ. ಅವನನ್ನು ನಿಲ್ಲಿಸಿ, ಏಕೆ ಬಂದಿರಿ ಎಂದು ಕೇಳಬಹುದು. ಆಕಾಶದಲ್ಲಿ ಗುಂಯ್‌ಗುಟ್ಟುವ ಯಂತ್ರಕ್ಕೆ ಹೆಸರೂ ಇಲ್ಲ, ಮುಖವೂ ಇಲ್ಲ. ಅದು ಪೋಲೀಸರದೋ, ಮದುವೆಯ ಛಾಯಾಗ್ರಾಹಕನದೋ, ಕಿಡಿಗೇಡಿಯದೋ ನೆಲದ ಮೇಲಿರುವವನಿಗೆ ತಿಳಿಯುವ ಬಗೆಯಿಲ್ಲ. ನೋಡುವವನು ಯಾರೆಂದು ನೋಡಿಸಿಕೊಳ್ಳುವವನಿಗೆ ಗೊತ್ತಾಗದಿರುವ ಈ ಸ್ಥಿತಿಯೇ ಆತಂಕವನ್ನು ಇಮ್ಮಡಿಗೊಳಿಸುತ್ತದೆ.

ನ್ಯಾಯಾಲಯಗಳ ನಿಲುವು

ಪೋಲೀಸರ ಕಣ್ಗಾವಲಿಗೆ ಮಿತಿ ಎಲ್ಲಿ ಎಂಬ ಪ್ರಶ್ನೆ ಹೊಸದಲ್ಲ. 1962ರಲ್ಲಿ ಖರಕ್ ಸಿಂಗ್ ಪ್ರಕರಣದಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ದರೋಡೆಯ ಆರೋಪ ಹೊತ್ತು, ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ವ್ಯಕ್ತಿಯ ಮನೆಗೆ ಉತ್ತರ ಪ್ರದೇಶದ ಪೋಲೀಸರು ರಾತ್ರಿವೇಳೆ ಹೋಗಿ ಬಾಗಿಲು ತಟ್ಟುತ್ತಿದ್ದರು. ಅಂತಹ ರಾತ್ರಿಭೇಟಿ ಸಂವಿಧಾನಬಾಹಿರವೆಂದು ನ್ಯಾಯಾಲಯ ಸಾರಿತು; ಆದರೆ ಖಾಸಗಿತನವು ಮೂಲಭೂತ ಹಕ್ಕೆಂಬುದನ್ನು ಬಹುಮತದ ತೀರ್ಪು ಒಪ್ಪಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತ ದಾಖಲಿಸಿದರು.

ಆ ಕೊರತೆ ತುಂಬಲು 55 ವರ್ಷಗಳು ಬೇಕಾದವು. ಅದಕ್ಕೆ ಕಾರಣರಾದವರು ಕನ್ನಡ ನಾಡಿನ ಹಿರಿಯರೊಬ್ಬರೆಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಘೋಷಿಸಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. ಅವರ ಹೆಸರಿನ ತೀರ್ಪು ಉಳಿದಿದೆ. ಅದರಂತೆ ಸರ್ಕಾರ ಈ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕೈಗೊಂಡ ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಈ ಒರೆಗಲ್ಲಿಗೆ ಡ್ರೋನನ್ನು ತಿಕ್ಕಿ ನೋಡಬೇಕು. ಅಂಗಳದ ಮೇಲೆ ನಿಂತು ನೋಡುವ ಡ್ರೋನ್ ಎಂದರೆ ಬಾಗಿಲು ತಟ್ಟದೆ ಬರುವ ಭೇಟಿ. ತಟ್ಟಿ ಬರುವವನಿಗೆ ಮಿತಿ ವಿಧಿಸಿ, ತಟ್ಟದೆ ಬರುವವನನ್ನು ಬಿಟ್ಟುಬಿಡುವುದು ತರ್ಕಕ್ಕೆ ನಿಲ್ಲದು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೂ, ಅಪರಾಧಗಳ ತಡೆ, ಪತ್ತೆ, ತನಿಖೆಗಾಗಿ ಮಾಹಿತಿ ಬಳಸುವಾಗ ತನ್ನ ಹಲವು ಕಟ್ಟುಗಳಿಂದ ವಿನಾಯಿತಿ ನೀಡಿದೆ. ಆದುದರಿಂದ ಡ್ರೋನಿನ ಮಟ್ಟಿಗೆ ಪ್ರತ್ಯೇಕವಾದ ಸ್ಪಷ್ಟ ಕಟ್ಟಳೆಯ ಅಗತ್ಯ ಉಳಿದೇ ಇದೆ.

ಬೇರೆಡೆಯ ಅನುಭವ

ಕಟ್ಟಳೆಯಿಲ್ಲದ ಬಳಕೆ ಎತ್ತ ಸಾಗಬಹುದೆಂಬುದಕ್ಕೆ ಉದಾಹರಣೆಗಳಿವೆ. 2020ರ ಕೊರೋನಾ ದಿಗ್ಬಂಧನದಲ್ಲಿ ಭಾರತದ ಅನೇಕ ನಗರಗಳಲ್ಲಿ ಜನಸಂಚಾರ ನೋಡಲು ಪೋಲೀಸರು ಡ್ರೋನ್ ಹಾರಿಸಿದರು. 2024ರ ಫೆಬ್ರುವರಿಯಲ್ಲಿ ಪಂಜಾಬ್ ಮತ್ತು ಹರಿಯಾಣಗಳ ನಡುವಣ ಶಂಭು ಗಡಿಯಲ್ಲಿ ರೈತರ ಮೇಲೆ ಡ್ರೋನಿನಿಂದ ಅಶ್ರುವಾಯು ಶೆಲ್ಲುಗಳು ಬಿದ್ದವು. ರೈತರು ಗಾಳಿಪಟ ಹಾರಿಸಿ ದಾರದಿಂದ ಡ್ರೋನನ್ನು ಸಿಕ್ಕಿಸಲೆತ್ನಿಸಿದರು. ನಾಲ್ಕು ವರ್ಷಗಳ ಅಂತರದಲ್ಲಿ ನೋಡುವ ಯಂತ್ರ ಎಸೆಯುವ ಯಂತ್ರವೂ ಆಯಿತು.

ಫ್ರಾನ್ಸ್ ದೇಶದ ಅನುಭವ ಬೇರೆ ತೆರನಾದುದು. ಪ್ಯಾರಿಸ್ ಪೋಲೀಸರು ದಿಗ್ಬಂಧನದ ಕಾವಲಿಗೆ ಡ್ರೋನ್ ಬಳಸಿದಾಗ, 2020ರ ಮೇ 18ರಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದನ್ನು ನಿಲ್ಲಿಸಲು ಆಜ್ಞಾಪಿಸಿತು. ಬಳಿಕ 2022ರ ಜನವರಿಯಲ್ಲಿ ಶಾಸನವೇ ಬಂದಿತು. ಯಾವ ಉದ್ದೇಶಗಳಿಗೆ ಹಾರಿಸಬಹುದೆಂಬ ಪಟ್ಟಿ ಅದರಲ್ಲಿದೆ, ಜಿಲ್ಲಾಡಳಿತದ ಮುಖ್ಯಸ್ಥರ ಲಿಖಿತ ಅನುಮತಿ ಬೇಕು, ಮನೆಯ ಒಳಭಾಗವನ್ನು ಗುರಿಯಾಗಿಸಕೂಡದು, ಧ್ವನಿಯನ್ನು ಸೆರೆಹಿಡಿಯಕೂಡದು, ಪ್ರಕರಣಕ್ಕೆ ಬೇಡವಾದ ಚಿತ್ರಗಳನ್ನು ಏಳು ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳಕೂಡದು. ಪೋಲೀಸರು ಡ್ರೋನನ್ನು ಕಳೆದುಕೊಳ್ಳಲಿಲ್ಲ; ಜನರು ತಮ್ಮ ಮರೆಯನ್ನೂ ಕಳೆದುಕೊಳ್ಳಲಿಲ್ಲ.

ಬೇಕಾದ ಕಟ್ಟಳೆ

ಮೂರು ತಾಲ್ಲೂಕುಗಳ ಜನರು ನ್ಯಾಯವಾಗಿ ಬಯಸಬಹುದಾದುದೂ ಇಷ್ಟೇ. ಹಾರಾಟಕ್ಕೆ ಮುಂಚೆ ಕಾರಣ, ಸ್ಥಳ, ಅವಧಿಗಳನ್ನು ಬರೆದಿಟ್ಟು ಮೇಲಧಿಕಾರಿಯ ಒಪ್ಪಿಗೆ ಪಡೆಯುವುದು. ಗುಪ್ತ ತನಿಖೆಯ ಹೊರತು ಉಳಿದ ಸಂದರ್ಭಗಳಲ್ಲಿ ಗ್ರಾಮ ಪಂಚಾಯತಿಗೆ ತಿಳಿಸುವುದು. ಡ್ರೋನಿನ ಮೇಲೆ ದೂರದಿಂದ ಕಾಣುವ ಇಲಾಖೆಯ ಗುರುತು ಹಾಕುವುದು. ಬೇಡವಾದ ಚಿತ್ರಗಳನ್ನು ನಿಗದಿತ ದಿನದೊಳಗೆ ಅಳಿಸುವುದು. ದೂರು ಬಂದರೆ ಯಾರು ಉತ್ತರಿಸಬೇಕೆಂದು ಗೊತ್ತುಪಡಿಸುವುದು.

ಇದು ಪೋಲೀಸರ ಕೈ ಕಟ್ಟುವುದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಪ್ರಮಾಣಪತ್ರವೂ ಇರಬೇಕು. ಯಾರು, ಯಾವಾಗ, ಯಾವ ಯಂತ್ರದಿಂದ ತೆಗೆದರೆಂಬ ದಾಖಲೆಯಿಲ್ಲದ ಚಿತ್ರದ ಮೇಲೆ ನ್ಯಾಯಾಲಯದಲ್ಲಿ ಸಂದೇಹ ಏಳುವುದು ಖಂಡಿತ. ಜನರ ಮರೆಯನ್ನು ಕಾಯುವ ಕಡತವೇ ಪೋಲೀಸರ ಮೊಕದ್ದಮೆಯನ್ನೂ ಕಾಯುತ್ತದೆ. ನೋಡುವವರ ಮೇಲೂ ಕಣ್ಣಿರಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 2020ರ ಡಿಸೆಂಬರ್ 2ರ ತೀರ್ಪಿನಲ್ಲಿ ಎತ್ತಿಹಿಡಿದು, ಎಲ್ಲ ಪೋಲೀಸು ಠಾಣೆಗಳಲ್ಲಿ ಕ್ಯಾಮೆರಾ ಅಳವಡಿಸಲು ಆದೇಶಿಸಿತು. ಬೇಲಿಯೇ ಎದ್ದು ಹೊಲ ಮೇಯದಂತೆ ನೋಡಿಕೊಳ್ಳುವುದು ಬೇಲಿಯ ಮೇಲಿನ ದ್ವೇಷವಲ್ಲ.

ಶಾಲೆಗಳಿಂದ ಹೊರಬಂದವರಲ್ಲಿ ಪೋಲೀಸು ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ, ಯಂತ್ರಗಳನ್ನು ರೂಪಿಸುವ ಇಂಜಿನಿಯರುಗಳಿದ್ದಾರೆ. ಡ್ರೋನ್ ಹೇಗೆ ಹಾರುತ್ತದೆಂಬುದನ್ನು ವಿಜ್ಞಾನದ ಉಪಾಧ್ಯಾಯರು ಕಲಿಸಬಲ್ಲರು. ಅದು ಯಾರ ಅಂಗಳದ ಮೇಲೆ, ಯಾರ ಅಪ್ಪಣೆಯಿಂದ ಹಾರಬೇಕೆಂಬುದನ್ನು ಪೌರನೀತಿಯ ಉಪಾಧ್ಯಾಯರು ಅದೇ ವಾರದಲ್ಲಿ ಕಲಿಸಬೇಕು. ಈ ಎರಡು ಪಾಠಗಳನ್ನೂ ಒಟ್ಟಿಗೆ ಕಲಿತ ವಿದ್ಯಾರ್ಥಿ ನಾಳೆ ಡ್ರೋನಿನ ಚುಕ್ಕಾಣಿ ಹಿಡಿದಾಗ, ಕೆಳಗೆ ಕಾಣುವ ಅಂಗಳ ಒಬ್ಬರ ಮನೆಯೆಂಬುದನ್ನು ಮರೆಯಲಾರನು.